ವಲಸೆ ಹೊರಟ ಹಿತ್ತಿಲು



ಮನೆ ಬದಲಾಯಿಸುವವರು ಪಾತ್ರೆಗಳನ್ನು ಎಣಿಸಿ ಕಟ್ಟುತ್ತಾರೆ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಾರೆ. ದೇವರ ಸಂಪುಟವನ್ನು ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತುತ್ತಾರೆ. ಆದರೆ ಹತ್ತಾರು ವರ್ಷ ನೀರೆರೆದು ಸಾಕಿದ ಹಿತ್ತಿಲನ್ನು ಮಾತ್ರ, ಅದು ನೆಲಕ್ಕೆ ಸೇರಿದ್ದೇ ಹೊರತು ತಮಗೆ ಸೇರಿದ್ದಲ್ಲವೆಂಬಂತೆ, ನಿಟ್ಟುಸಿರಿನೊಡನೆ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟು ಬರಬೇಕಾಗಿಲ್ಲ ಎಂಬುದೇ ಈ ಹೊತ್ತು ತಮ್ಮಲ್ಲಿ ನಾನು ಅರಿಕೆ ಮಾಡಬೇಕೆಂದಿರುವ ವಿಷಯ. ತೋಟ ಪ್ರಯಾಣ ಮಾಡಬಲ್ಲುದು. ಅದು ಗೆಡ್ಡೆಯ ರೂಪದಲ್ಲಿ, ತನ್ನ ನಿದ್ರೆಯ ಕಾಲದಲ್ಲಿ, ಪ್ರಯಾಣ ಮಾಡುತ್ತದೆ.

ಈ ಪಾಠವನ್ನು ನನಗೆ ಮೊದಲು ಕಲಿಸಿದವರು ನನ್ನ ಸೋದರತ್ತೆ. ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. 1979ರಲ್ಲಿ ಆ ಕಟ್ಟಡ ಮುಗಿಯಿತು. ನೀರು ನಿಂತಂತೆಲ್ಲ ಹಾಸನ, ಆಲೂರು, ಅರಕಲಗೂಡು ಸೀಮೆಯ ಅನೇಕ ಹಳ್ಳಿಗಳು ಹಿನ್ನೀರಿನ ಪಾಲಾದವು. ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯ ಗೋಡೆಗಳು, ಮಳೆಗಾಲದಲ್ಲಿ ನೀರೊಳಗೆ ನಿಂತು ಬೇಸಗೆಯಲ್ಲಿ ಮತ್ತೆ ಬಯಲಿಗೆ ಬರುವುದನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ನನ್ನ ಅತ್ತೆಯ ಮನೆಯೂ ಅಂಥ ಒಂದು ಹಳ್ಳಿಯಲ್ಲಿತ್ತು. ಮನೆಯ ತೊಲೆ, ಬಾಗಿಲುವಾಡ, ಒರಳುಕಲ್ಲು, ಎಲ್ಲವನ್ನೂ ಗಂಡಸರು ಗಾಡಿಗೇರಿಸುತ್ತಿದ್ದರೆ, ಆಕೆ ಹಿತ್ತಿಲಲ್ಲಿ ಗುದ್ದಲಿ ಹಿಡಿದು ಕುಳಿತು ಒಣನೆಲವನ್ನು ಮೆಲ್ಲಮೆಲ್ಲನೆ ಬಿಡಿಸುತ್ತಿದ್ದರು. ಆ ಕಡೆ ಹಲಸಿನ ಮರ, ಈ ಕಡೆ ಸಂಪಿಗೆಯ ಮರ. ಅವನ್ನು ನೋಡಿ ನನಗೆ ದುಃಖ ಉಮ್ಮಳಿಸಿತು. ಅತ್ತೆ ತಲೆಯೆತ್ತದೆ ಹೇಳಿದ ಮಾತು ಇಷ್ಟೆ: “ಮರ ನಮ್ಜೊತೆ ಬರಾಕಿಲ್ಲ ಕಣ್ ಮಗ, ಗೆಡ್ಡೆ ಬತ್ತದೆ.”

ಆ ದಿನ ಒಂದು ಮಂಕರಿಯ ತುಂಬ ಗೆಡ್ಡೆಗಳು ಗಾಡಿಯೇರಿದವು. ಸುಗಂಧರಾಜವಿತ್ತು, ಕೆಂಪು ಲಿಲ್ಲಿಯಿತ್ತು, ಡೇರೆ ಹೂವಿನ ಗೊಂಚಲುಗಳಿದ್ದವು. ಒಂದು ಮೂಲೆಯಲ್ಲಿ ಅರಿಶಿನದ ಕೊಂಬು, ಇನ್ನೊಂದು ಮೂಲೆಯಲ್ಲಿ ಬಾಳೆಯ ಕಂದು. ಮುಂದಿನ ವೈಶಾಖದಲ್ಲಿ, ಸುಣ್ಣದ ವಾಸನೆಯೂ ಆರದ ಹೊಸ ಮನೆಯ ಬಾಗಿಲಲ್ಲಿ, ಹಳೆಯ ಮನೆಯ ಕೆಂಪು ಲಿಲ್ಲಿ ಅರಳಿತು. ಪರಸ್ಥಳಕ್ಕೆ ಬಂದೆವೆಂಬ ಆ ಮನೆಯವರ ಸಂಕಟ ಅಂದಿನಿಂದ ಸ್ವಲ್ಪ ಇಳಿಯಿತೆಂದು ನಾನು ಬಲ್ಲೆ.

ಮರ ಬಾರದು, ಗೆಡ್ಡೆ ಬರುತ್ತದೆ ಎಂದೆವು. ಏಕೆ ಬರುತ್ತದೆ ಎಂಬುದನ್ನು ಈಗ ನೋಡೋಣ.

ಗೆಡ್ಡೆಯೆಂಬುದು ಸಸ್ಯದ ಕಣಜ. ಮಳೆಗಾಲದಲ್ಲಿ ಎಲೆಗಳು ಬಿಸಿಲಿನಿಂದ ಗಳಿಸಿದ ಆಹಾರವನ್ನೆಲ್ಲ ಸಸ್ಯವು ನೆಲದೊಳಕ್ಕೆ ಇಳಿಸಿ, ಅಲ್ಲಿ ಒಂದೆಡೆ ಶೇಖರಿಸಿ, ಮೇಲಿನ ಎಲೆಗಳನ್ನು ತಾನೇ ಒಣಗಲು ಬಿಟ್ಟು, ಒಣಗಾಲ ಕಳೆಯುವ ತನಕ ಮಲಗಿಬಿಡುತ್ತದೆ. ಹಾಗೆ ಮಲಗಿರುವಾಗ ಅದಕ್ಕೆ ನೀರು ಬೇಡ, ಬೆಳಕು ಬೇಡ, ಮಣ್ಣೂ ಬೇಡ. ಇದಕ್ಕೆ ಸಾಕ್ಷಿಯನ್ನು ಹಾಸನದ ರೈತನಿಗೆ ಬೇರೆ ಹೇಳಬೇಕಾಗಿಲ್ಲ. ಪ್ರತಿ ವರ್ಷ ಬೇಸಗೆಯ ಕೊನೆಯಲ್ಲಿ ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗೆಡ್ಡೆ ಲಾರಿಗಳಲ್ಲಿ ಹಾಸನದ ಮಾರುಕಟ್ಟೆಗೆ ಬಂದು ಇಳಿಯುತ್ತದೆ. ಎರಡು ಸಾವಿರ ಕಿಲೋಮೀಟರಿಗೂ ಮೀರಿದ ಪ್ರಯಾಣ ಅದು. ಅಷ್ಟು ದೂರ ಚೀಲದಲ್ಲಿ ಬಂದ ಗೆಡ್ಡೆಯನ್ನು ರೈತನು ನೆರಳಿನಲ್ಲಿ ಹರಡಿ, ಕಣ್ಣು ಮೊಳೆತುದನ್ನು ಕಂಡು, ಮುಂಗಾರಿನ ಮೊದಲ ಹದಕ್ಕೆ ಹೊಲಕ್ಕೆ ಇಳಿಸುತ್ತಾನೆ. ಆಲೂಗೆಡ್ಡೆ ಬರಬಹುದಾದರೆ ಹೂವಿನ ಗೆಡ್ಡೆ ಪಕ್ಕದ ತಾಲ್ಲೂಕಿಗೆ ಬಾರದೆ?

ವಿಚಾರ ಮಾಡಿದರೆ, ನಮ್ಮ ಹಿತ್ತಿಲ ಗೆಡ್ಡೆಗಳಲ್ಲಿ ಬಹುಪಾಲು ವಲಸೆ ಬಂದವುಗಳೇ. ಸುಗಂಧರಾಜದ ತವರು ಮೆಕ್ಸಿಕೋ. ಮಲೆನಾಡಿನ ಹೆಣ್ಣುಮಕ್ಕಳು ಪ್ರಾಣದಂತೆ ಕಾಪಾಡುವ ಡೇರೆ, ಅಂದರೆ ಡೇಲಿಯಾ, ಅದೂ ಮೆಕ್ಸಿಕೋದ ಬೆಟ್ಟಗಳಿಂದ ಬಂದದ್ದು. ಕತ್ತಿಯಂಥ ಎಲೆಯ ಗ್ಲಾಡಿಯೋಲಸ್ ಆಫ್ರಿಕದ್ದು. ತುತ್ತೂರಿಯಾಕಾರದ ಕೆಂಪು ಲಿಲ್ಲಿ ದಕ್ಷಿಣ ಅಮೆರಿಕದ್ದು. ಆದರೂ ಇಂದು ಸುಗಂಧರಾಜವಿಲ್ಲದ ಮದುವೆಯ ಹಾರ ನಮ್ಮಲ್ಲುಂಟೆ? ಎಲ್ಲಿಂದಲೋ ಬಂದ ಗೆಡ್ಡೆ, ಕೆಲವು ತಲೆಮಾರುಗಳೊಳಗಾಗಿ, ದೇವರ ಮುಡಿಗೆ ಸಲ್ಲುವಷ್ಟು ನಮ್ಮದಾಯಿತು.

ಇದುವರೆಗೆ, ಗೆಡ್ಡೆಯು ಆಹಾರದ ಕಣಜವೆಂದೂ, ಮಲಗಿರುವಾಗ ಅದನ್ನು ದೂರ ಒಯ್ಯಬಹುದೆಂದೂ ತಿಳಿದೆವು. ಇನ್ನು, ಅದನ್ನು ಅಗೆಯುವ ಕಾಲ ಯಾವುದು?

ಕಾಲವನ್ನು ಎಲೆಯೇ ಹೇಳುತ್ತದೆ. ಎಲೆ ಹಸಿರಾಗಿರುವಾಗ ಗೆಡ್ಡೆಗೆ ಇನ್ನೂ ಊಟ ಇಳಿಯುತ್ತಿದೆಯೆಂದು ಅರ್ಥ. ಆಗ ಅಗೆಯುವುದು, ಉಣ್ಣುತ್ತಿರುವ ಮಗುವನ್ನು ಎಲೆಯ ಮುಂದಿನಿಂದ ಎಬ್ಬಿಸಿದಂತೆ. ಎಲೆ ತುದಿಯಿಂದ ಹಳದಿಯಾಗಿ, ಬುಡದ ತನಕ ಬಾಡಿ, ನೆಲಕ್ಕೆ ಒರಗಿದಾಗ ಊಟ ಮುಗಿಯಿತೆಂದು ತಿಳಿಯಬೇಕು. ನಮ್ಮ ಸೀಮೆಯಲ್ಲಿ ಬಹುತೇಕ ಹೂಗೆಡ್ಡೆಗಳಿಗೆ ಈ ಅವಸ್ಥೆ ಮಾರ್ಗಶಿರ, ಪುಷ್ಯಗಳಲ್ಲಿ ಬರುತ್ತದೆ. ಅಲ್ಲಿಂದ ಫಾಲ್ಗುಣದವರೆಗೆ ಅವು ನಿದ್ರಿಸುತ್ತವೆ. ಚೈತ್ರ, ವೈಶಾಖಗಳಲ್ಲಿ ಅಶ್ವಿನಿಯದೋ ಭರಣಿಯದೋ ಒಂದು ಮಳೆ ಬಿದ್ದು ನೆಲ ತಂಪಾದ ಕೂಡಲೆ, ಯಾರೂ ಕರೆಯದೆ, ಏಳುತ್ತವೆ. ನಮ್ಮ ವಸಂತದ ಗೆಡ್ಡೆಗಳೆಂದರೆ ಇವೇ.

ಇಲ್ಲಿ ಒಂದು ಸೊಗಸಾದ ಹೊಂದಾಣಿಕೆಯನ್ನು ತಾವು ಗಮನಿಸಬೇಕು. ನಮ್ಮ ಹಿರಿಯರು ಗೃಹಪ್ರವೇಶಕ್ಕೆ ಪ್ರಶಸ್ತವೆಂದು ಎಣಿಸಿದ ಮಾಸಗಳಲ್ಲಿ ಮಾಘವೂ ಫಾಲ್ಗುಣವೂ ಸೇರಿವೆ. ಗೆಡ್ಡೆ ಗಾಢವಾಗಿ ಮಲಗಿರುವುದೂ ಅದೇ ಮಾಸಗಳಲ್ಲಿ. ಆದಕಾರಣ ಮಾಘದಲ್ಲಿ ಹೊಸ ಮನೆಗೆ ಹಾಲುಕ್ಕಿಸುವವರು ಮಂಕರಿ ಹಿಡಿದು ಹಿತ್ತಿಲಿಗೆ ಹೋಗುವುದಕ್ಕೆ ಬೇರೆ ಮುಹೂರ್ತವನ್ನು ಹುಡುಕಬೇಕಾಗಿಲ್ಲ. ಸರ್ಕಾರಿ ನೌಕರಿಯವರ ಪಾಡು ಬೇರೆ. ವರ್ಗಾವಣೆಯ ಆಜ್ಞೆ ಸಾಮಾನ್ಯವಾಗಿ ಶಾಲೆಗಳು ತೆರೆಯುವ ಹೊತ್ತಿಗೆ ಬರುತ್ತದೆ. ಆಗ ಗಿಡ ಎಲೆ ಬಿಟ್ಟು ನಿಂತಿರುತ್ತದೆ. ಅಂಥವರು ಗೆಡ್ಡೆಯನ್ನು ಬರಿದು ಮಾಡದೆ, ಸುತ್ತ ಒಂದು ಗೇಣು ಬಿಟ್ಟು, ಮಣ್ಣಿನ ಹೆಂಟೆಯೊಡನೆ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ಹೋದ ದಿನವೇ ನೆಡಬೇಕು. ಆ ವರ್ಷ ಹೂ ಕಾಣದೆ ಹೋಗಬಹುದು. ಗಿಡ ಮಾತ್ರ ಉಳಿಯುತ್ತದೆ.

ಎಲೆ ಒಣಗಿದ ಮೇಲೆ ಅಗೆಯಬೇಕು, ಮಾಘ ಫಾಲ್ಗುಣಗಳು ಅದಕ್ಕೆ ಅನುಕೂಲ ಎಂಬಲ್ಲಿಗೆ ಬಂದೆವು. ಆದರೆ ಎಲ್ಲ ಗೆಡ್ಡೆಗಳ ಸ್ವಭಾವ ಒಂದೇ ಅಲ್ಲ. ನಾಲ್ಕಾರನ್ನು ಹೆಸರಿಸಿ ಹೇಳುತ್ತೇನೆ.

ಮೊದಲನೆಯದು ಸುಗಂಧರಾಜ. ಇದರ ಬುಡವನ್ನು ಅಗೆದರೆ ಬೆಳ್ಳುಳ್ಳಿಯ ಕುಟುಂಬದಂತೆ ಒಂದಕ್ಕೊಂದು ಅಂಟಿಕೊಂಡ ಗೆಡ್ಡೆಗಳ ಗುಂಪು ಸಿಕ್ಕುತ್ತದೆ. ಅದರೊಳಗೆ ಒಮ್ಮೆ ಹೂವಾದ ತಾಯಿಗೆಡ್ಡೆ ಮತ್ತೆ ಹೂವಾಗದು. ಹೂ ಕೊಡುವವು ಅದರ ಮರಿಗಳು. ಹೆಬ್ಬೆರಳಿನ ದಪ್ಪಕ್ಕೆ ಬಂದ ಮರಿಯನ್ನು ಆರಿಸಿ, ನೆರಳಿನಲ್ಲಿ ಒಂದು ತಿಂಗಳು ಆರಿಸಿಟ್ಟು ನೆಟ್ಟರೆ, ಮೂರು ನಾಲ್ಕು ತಿಂಗಳಲ್ಲಿ ಹೂವಿನ ಕೋಲು ಏಳುತ್ತದೆ. ಕಿರುಬೆರಳಿನಷ್ಟು ಸಣ್ಣವನ್ನೂ ಎಸೆಯಬೇಡಿ. ಒಂದು ಪಾತಿಯಲ್ಲಿ ಒತ್ತಾಗಿ ಹಾಕಿದರೆ ಮರುವರ್ಷಕ್ಕೆ ಅವು ಸಿದ್ಧ. ಹೊಸದಾಗಿ ತರುವವರು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳಕಿಗೆ ತಂದ ಶೃಂಗಾರ, ಸುವಾಸಿನಿ ಎಂಬ ತಳಿಗಳನ್ನು ವಿಚಾರಿಸಬಹುದು.

ಎರಡನೆಯದು ಡೇರೆ. ಇಲ್ಲಿ ಬಹುಮಂದಿ ಎಡವುತ್ತಾರೆ. ಆಲೂಗೆಡ್ಡೆಗೆ ಮೈಯೆಲ್ಲ ಕಣ್ಣು. ಎಲ್ಲಿ ಕೊಯ್ದರೂ ಒಂದು ಕಣ್ಣು ಉಳಿದರೆ ಮೊಳೆಯುತ್ತದೆ. ಡೇರೆಯ ಗೆಡ್ಡೆಗೆ ಮೈಮೇಲೆ ಕಣ್ಣೇ ಇಲ್ಲ. ಅದರ ಕಣ್ಣುಗಳಿರುವುದು ಗೆಡ್ಡೆ ಹಳೆಯ ಕಾಂಡಕ್ಕೆ ಸೇರುವ ಕತ್ತಿನಲ್ಲಿ. ಆದ್ದರಿಂದ ಗೊಂಚಲನ್ನು ಬಿಡಿಸುವಾಗ ಪ್ರತಿ ಗೆಡ್ಡೆಯೊಡನೆ ಕಾಂಡದ ಒಂದು ತುಣುಕು ಉಳಿಯುವಂತೆ ಕೊಯ್ಯಬೇಕು, ಕೊಯ್ದ ಗಾಯಕ್ಕೆ ಒಲೆಯ ಬೂದಿಯನ್ನು ಹಚ್ಚಬೇಕು. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪವಾಗಿರಲಿ, ಮಣ್ಣಿನಲ್ಲಿ ಕೊಳೆಯುವುದೇ ಹೊರತು ಚಿಗುರುವುದಿಲ್ಲ. ಇದಲ್ಲದೆ ಡೇರೆಯ ತೊಗಲು ತೆಳು; ಗಾಳಿಗೆ ಬಿಟ್ಟರೆ ಸುಕ್ಕುತ್ತದೆ, ತೇವದಲ್ಲಿಟ್ಟರೆ ಕೊಳೆಯುತ್ತದೆ. ಒಣಮರಳು ತುಂಬಿದ ಹಳೆಯ ಗಡಿಗೆಯೊಂದು ಅದಕ್ಕೆ ತಕ್ಕ ಹಾಸಿಗೆ.

ಮೂರನೆಯದು ಗ್ಲಾಡಿಯೋಲಸ್. ಇದನ್ನು ಕಿತ್ತಾಗ ಒಂದರ ಮೇಲೊಂದು ಕುಳಿತ ಎರಡು ಬಿಲ್ಲೆಗಳು ಕಾಣುತ್ತವೆ. ಕೆಳಗಿನದು ಹೋದ ವರ್ಷದ್ದು. ತನ್ನದೆಲ್ಲವನ್ನೂ ಕೊಟ್ಟು ಸೊರಗಿ ಹೋಗಿರುತ್ತದೆ. ಮೇಲಿನದು ಈ ವರ್ಷದ್ದು. ಹಳೆಯದನ್ನು ತಿರುಚಿ ತೆಗೆದುಹಾಕಿ, ಹೊಸದನ್ನು ಸುಮಾರು ಮೂರು ತಿಂಗಳು ಗಾಳಿಯಾಡುವ ಬುಟ್ಟಿಯಲ್ಲಿ ತೂಗುಹಾಕಿದರೆ ಸಾಕು.

ನಾಲ್ಕನೆಯದು ಕೆಂಪು ಲಿಲ್ಲಿ. ದೊಡ್ಡ ಈರುಳ್ಳಿಯಂಥ ಗೆಡ್ಡೆ. ಮುಂದೆ ಅರಳಬೇಕಾದ ಮೊಗ್ಗು ಬಹಳ ಮುಂಚಿತವಾಗಿಯೇ ಇದರ ಪದರಗಳ ನಡುವೆ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ, ರೂಪುಗೊಂಡಿರುತ್ತದೆ. ನನ್ನ ಅತ್ತೆಯ ಹೊಸ ಮನೆಯಲ್ಲಿ ಅರಳಿದ ಹೂವು, ಈಗ ನೀರಿನಡಿ ಇರುವ ಹಿತ್ತಿಲಲ್ಲಿಯೇ ಹುಟ್ಟಿದ ಹೂವು ಎಂಬುದನ್ನು ನಾನು ಎಷ್ಟೋ ವರ್ಷಗಳ ತರುವಾಯ ಓದಿ ತಿಳಿದೆ. ಇದರ ದಪ್ಪ ಬೇರುಗಳನ್ನು ಕತ್ತರಿಸದೆ ಒಯ್ಯಬೇಕು, ನೆಡುವಾಗ ಗೆಡ್ಡೆಯ ಕತ್ತು ಮಣ್ಣಿನ ಮೇಲಿರಬೇಕು.

ಕೊನೆಯದಾಗಿ ಗೌರೀಹೂವು. ಬೆಂಕಿಯ ನಾಲಗೆಗಳಂತೆ ಕೆಂಪು ಹಳದಿ ಎಸಳುಗಳನ್ನು ಮೇಲಕ್ಕೆ ಮಡಿಸಿ ಬೇಲಿಯ ಮೇಲೆ ಹಬ್ಬುವ ಈ ಬಳ್ಳಿ ನಮ್ಮ ನೆಲದ್ದೇ. ಇದರ ಗೆಡ್ಡೆ ನೇಗಿಲಿನಂತೆ ಬಾಗಿರುತ್ತದೆ, ಬೆಳೆಯುವ ಕಣ್ಣು ಅದರ ತುದಿಯಲ್ಲಿರುತ್ತದೆ. ತುದಿ ಮುರಿದರೆ ಗಿಡ ಹೋಯಿತು. ತಾಯಂದಿರೇ, ಈ ಮಾತನ್ನು ಮಾತ್ರ ಮರೆಯಬೇಡಿ: ಗೌರೀಹೂವಿನ ಗೆಡ್ಡೆ ಕಡುವಿಷ. ಗೆಣಸೆಂದು ಭ್ರಮಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಮನೆ ಬದಲಿಸುವ ಗಡಿಬಿಡಿಯಲ್ಲಿ ಅದು ಅಡುಗೆಯ ಗೆಡ್ಡೆಗಳೊಡನೆ ಎಂದಿಗೂ ಬೆರೆಯಕೂಡದು. ಬೇರೆ ಚೀಲದಲ್ಲಿ ಕಟ್ಟಿ, ಮೇಲೆ ಹೆಸರು ಬರೆದು, ಮಕ್ಕಳ ಕೈಗೆ ಎಟುಕದಂತೆ ಇಡಿ.

ಈ ಐದರ ರೀತಿಯನ್ನು ಅರಿತವರು ಉಳಿದವುಗಳನ್ನು ತಾವೇ ಊಹಿಸಬಲ್ಲರು. ಇಲ್ಲಿ ನನ್ನನ್ನು ಅನೇಕರು ಕೇಳುವ ಒಂದು ಪ್ರಶ್ನೆಗೆ ಉತ್ತರ ಹೇಳಿ ಮುಂದೆ ಸಾಗುತ್ತೇನೆ. ಹೊರದೇಶದಲ್ಲಿರುವ ಮಕ್ಕಳು ಟ್ಯೂಲಿಪ್ ಗೆಡ್ಡೆ ತಂದುಕೊಟ್ಟಿದ್ದಾರೆ. ಅದು ನಮ್ಮಲ್ಲಿ ಬೆಳೆದೀತೆ?

ಟ್ಯೂಲಿಪ್ ಮಧ್ಯ ಏಷ್ಯದ ಶೀತಭೂಮಿಯಲ್ಲಿ ಹುಟ್ಟಿದ ಸಸ್ಯ. ಅದು ಏಳಬೇಕಾದರೆ ಮೊದಲು ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ, ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯನ್ನು ಅನುಭವಿಸಬೇಕು. ಕಾಶ್ಮೀರದಲ್ಲಿ ಆ ಚಳಿಯುಂಟು. ಆದ್ದರಿಂದಲೇ ಶ್ರೀನಗರದಲ್ಲಿ ಟ್ಯೂಲಿಪ್ ವನ ನಳನಳಿಸುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದರೂ, ನಮ್ಮ ಧನುರ್ಮಾಸದ ಚಳಿ ಕಂಬಳಿ ಹೊದಿಸೀತೇ ಹೊರತು ಟ್ಯೂಲಿಪ್ಪನ್ನು ಎಚ್ಚರಿಸಲಾರದು. ತಣ್ಣನೆಯ ಪೆಟ್ಟಿಗೆಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ, ಮಾಗುವ ಹಣ್ಣುಗಳಿಂದ ದೂರವಾಗಿ, ಮೂರು ತಿಂಗಳಿಟ್ಟು ನೆಟ್ಟರೆ ಒಂದು ಬಾರಿ ಹೂವನ್ನು ಕಂಡು ಸಂತೋಷಪಡಬಹುದು. ಮರುವರ್ಷಕ್ಕೆ ಆಸೆ ಇಟ್ಟುಕೊಳ್ಳಬಾರದು. ಚಳಿ ಕೇಳುವ ಗೆಡ್ಡೆಯನ್ನು ಚಳಿಯಿಲ್ಲದ ನಾಡಿನಲ್ಲಿ ನೋಯಿಸುವುದಕ್ಕಿಂತ, ಭರಣಿಯ ಮಳೆಗೆ ತಾನಾಗಿ ಏಳುವ ಗೆಡ್ಡೆಯನ್ನು ಪ್ರೀತಿಸುವುದು ವಿವೇಕವೆಂದು ನನ್ನ ಅಭಿಪ್ರಾಯ.

ಅಗೆಯುವ ಕಾಲವನ್ನು ನೋಡಿದೆವು; ಒಯ್ಯುವ ಕ್ರಮವನ್ನು ನೋಡಿದೆವು. ಇನ್ನು ಉಳಿದದ್ದು ಹೊಸ ಮನೆಯ ನೆಲ.

ಹೊಸ ಮನೆಯ ಅಂಗಳವೆಂಬುದು ಹೆಚ್ಚಾಗಿ ಮಣ್ಣಲ್ಲ. ಗಾರೆ, ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರುಗಳ ರಾಶಿ. ಒಂದು ಮೊಳ ಆಳಕ್ಕೆ ಅಗೆದು ಅದನ್ನೆಲ್ಲ ತೆಗೆದುಹಾಕಿ, ಒಳ್ಳೆಯ ಕೆಂಪುಮಣ್ಣನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ತುಂಬಿದ ಹೊರತು ಯಾವ ಗೆಡ್ಡೆಯೂ ಅಲ್ಲಿ ಬಾಳದು. ಹಸಿಗೊಬ್ಬರ ಗೆಡ್ಡೆಗೆ ಶತ್ರು. ಹಳೆಯ ಮನೆಯ ಮಣ್ಣನ್ನು ಒಂದು ಹಿಡಿ ತರಬೇಕೆಂಬ ಮಮತೆ ಕೆಲವರಿಗುಂಟು. ಆ ಮಮತೆಗೆ ನಾನು ತಲೆಬಾಗುತ್ತೇನೆ. ಆದರೆ ಮಣ್ಣಿನೊಡನೆ ಹಳೆಯ ಹಿತ್ತಿಲ ರೋಗವೂ ಜಂತುವೂ ಬರುತ್ತವೆ. ಮಲಗಿದ ಗೆಡ್ಡೆಯನ್ನು ತೊಳೆದು, ಒಣಗಿಸಿ, ಶುದ್ಧವಾಗಿ ಒಯ್ಯುವುದೇ ಕ್ಷೇಮ.

ಇದಲ್ಲದೆ, ನಮ್ಮ ಹಾಸನ ಜಿಲ್ಲೆಯೊಳಗೇ ಮಳೆಯ ತಾರತಮ್ಯ ಎಷ್ಟೆಂಬುದನ್ನು ಯೋಚಿಸಿ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರನ್ನು ಮೀರುವ ಮಳೆ. ಚನ್ನರಾಯಪಟ್ಟಣದಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು. ಮಲೆನಾಡಿನ ಅಂಚಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಡೇರೆಗೆ ಮಧ್ಯಾಹ್ನದ ನೆರಳೂ ಎರಡು ದಿನಕ್ಕೊಮ್ಮೆ ನೀರೂ ಬೇಕು. ಬಯಲುಸೀಮೆಯಿಂದ ಅರಕಲಗೂಡಿನ ಪಡುವಲಿಗೆ ಹೋಗುವ ಸುಗಂಧರಾಜಕ್ಕೆ ನೀರು ಬಸಿದುಹೋಗುವ ಎತ್ತರದ ಮಡಿ ಬೇಕು. ಹೊಳೆನರಸೀಪುರದಲ್ಲಿ ಹೊಳೆಯ ಮಗ್ಗುಲಿಗಿರುವ ನನ್ನ ಹಿತ್ತಿಲಿನ ಮೆಕ್ಕಲುಮಣ್ಣು ನೀರನ್ನು ಬಹುಕಾಲ ಹಿಡಿಯುತ್ತದೆ. ಅಲ್ಲಿ ನಾನು ಮರಳು ಬೆರೆಸಿ, ಮಡಿಯನ್ನು ಒಂದು ಗೇಣು ಎತ್ತರಿಸಿ, ಗೆಡ್ಡೆಯ ಎತ್ತರಕ್ಕೆ ಎರಡರಷ್ಟು ಆಳದಲ್ಲಿ ನೆಡುತ್ತೇನೆ. ಕೆಂಪು ಲಿಲ್ಲಿಗೆ ಮಾತ್ರ ಈ ಆಳದ ನಿಯಮ ಸಲ್ಲದು.

ನೆಲವನ್ನೂ ಸಿದ್ಧಪಡಿಸಿದ್ದಾಯಿತು. ಆದರೂ, ಇಷ್ಟೆಲ್ಲ ಬಲ್ಲವನೂ ಗೆಡ್ಡೆಗಳನ್ನು ಕಳೆದುಕೊಳ್ಳಬಹುದು. ಅದಕ್ಕೆ ಪರಿಹಾರವೇನೆಂಬುದು ನನ್ನ ಕೊನೆಯ ಮಾತು.

ನಾನು ಉಪಾಧ್ಯಾಯ ವೃತ್ತಿಯಲ್ಲಿದ್ದವನು. ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ವರ್ಗವಾದಾಗ, ಅತ್ತೆಯ ಮನೆಯಿಂದ ಬಂದಿದ್ದ ಡೇರೆಯ ಗೊಂಚಲುಗಳನ್ನೆಲ್ಲ, ಅವಸರದಲ್ಲಿ, ಇನ್ನೂ ಹಸಿಯಾಗಿದ್ದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಸಾಮಾನಿನ ಅಡಿಯಲ್ಲಿ ಇಟ್ಟೆ. ಹದಿನೈದು ದಿನಗಳ ಮೇಲೆ ಚೀಲ ಬಿಚ್ಚಿದಾಗ ಕೈಗೆ ಬಂದದ್ದು ಕೊಳೆತ ನೀರು. ಅತ್ತೆ ಆ ವೇಳೆಗೆ ತೀರಿಕೊಂಡಿದ್ದರು. ಅವರ ಹಳೆಯ ಹಿತ್ತಿಲು ಹಿನ್ನೀರಿನಡಿಯಲ್ಲಿತ್ತು. ಆ ಕಡುಗೆಂಪು ಡೇರೆಯ ವಂಶ ನನ್ನ ಅಜಾಗರೂಕತೆಯಿಂದ ನಿಂತುಹೋಯಿತಲ್ಲಾ ಎಂದು ಅನೇಕ ರಾತ್ರಿ ಮರುಗಿದೆ.

ಮುಂದಿನ ಚೈತ್ರದಲ್ಲಿ ಅರಕಲಗೂಡಿನ ನಮ್ಮ ನೆರೆಮನೆಯ ತಾಯಿ, ಮಗನ ಕೈಯಲ್ಲಿ ಬಸ್ಸಿನ ಮೂಲಕ ಒಂದು ಡಬ್ಬಿ ಕಳುಹಿಸಿದರು. ಮುಚ್ಚಳ ತೆಗೆದರೆ ಒಣಮರಳು. ಮರಳಿನೊಳಗೆ ಆರು ಗೆಡ್ಡೆ. “ಮೇಷ್ಟ್ರೇ, ನೀವು ಮೂರು ಕೊಟ್ಟಿದ್ರಿ, ಇವು ನಿಮ್ಮವೇ” ಎಂದು ಹೇಳಿಕಳುಹಿಸಿದ್ದರು. ಎಂದೋ ಒಂದು ಸಂಜೆ ಬೇಲಿಯ ಮೇಲಿಂದ ಮೂರು ಗೆಡ್ಡೆ ಕೊಟ್ಟದ್ದು ನನಗೆ ನೆನಪೂ ಇರಲಿಲ್ಲ. ಆ ಆರು ಗೆಡ್ಡೆಗಳ ಸಂತಾನ ಇಂದು ಹೊಳೆನರಸೀಪುರದ ನನ್ನ ಹಿತ್ತಿಲಲ್ಲಿದೆ. ಅತ್ತೆಯ ಊರನ್ನು ಮುಳುಗಿಸಿದ ಹೇಮಾವತಿಯೇ ಗೊರೂರಿನಿಂದ ಇಳಿದುಬಂದು ಅದಕ್ಕೆ ತಂಪನ್ನೀಯುತ್ತಿದೆ.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಅಗೆದ ಗೆಡ್ಡೆಗಳೆಲ್ಲವನ್ನೂ ತಾವೇ ಕೊಂಡೊಯ್ಯಬೇಡಿ. ನೆರೆಯವರಿಗೆ ಒಂದಿಷ್ಟು ಕೊಡಿ. ಆ ಮನೆಗೆ ಮುಂದೆ ಬರುವವರಿಗಾಗಿ ನೆಲದಲ್ಲಿ ಒಂದಿಷ್ಟು ಬಿಡಿ. ನಮ್ಮ ಪೆಟ್ಟಿಗೆಯಲ್ಲಿ ಕೆಟ್ಟುಹೋದದ್ದು ಅವರ ನೆಲದಲ್ಲಿ ಉಳಿದಿರುತ್ತದೆ.

ಈಗ ಮಾರ್ಗಶಿರ. ಹಿತ್ತಿಲ ಗೆಡ್ಡೆಗಿಡಗಳ ಎಲೆ ಹಳದಿಯಾಗುತ್ತಿರುವ ಕಾಲ. ಇನ್ನು ಕೆಲವೇ ದಿನಗಳಲ್ಲಿ ಎಲೆ ಮಾಯವಾಗಿ, ಗೆಡ್ಡೆ ಎಲ್ಲಿದೆಯೆಂಬ ಗುರುತೇ ಸಿಕ್ಕದು. ಮನೆ ಬದಲಿಸುವ ಯೋಚನೆ ಇರಲಿ, ಇಲ್ಲದಿರಲಿ, ನಾಳೆ ಬೆಳಗ್ಗೆ ಹಿತ್ತಿಲಿಗೆ ಹೋಗಿ, ಒಂದೊಂದರ ಪಕ್ಕದಲ್ಲಿಯೂ ಒಂದು ಕಡ್ಡಿಯನ್ನು ನೆಟ್ಟು, ಹೂವಿನ ಹೆಸರನ್ನೂ ಬಣ್ಣವನ್ನೂ ಬರೆದು ಕಟ್ಟಿ.